ನೋಟ್ಸ್ ಬರೆಯುವವಳು

"ನೀವು ಇನ್ನೂ ಸ್ವಲ್ಪ ಕಾಣಿಸ್ಕೋಬೇಕು ಮೇಡಂ" ಅಂದನಂತೆ ಆ ಮಹಾನುಭಾವ. ನನ್ನ ಸೊಸೆಗೆ! ಕೇಳಿದ ಕೂಡಲೇ ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು. ಆರು ವರ್ಷದಿಂದ ಅವನ ಕಣ್ಣೆದುರಿಗೇ ಕೂತು ದುಡಿದಿದ್ದಾಳೆ. ಇನ್ನು ಹೇಗೆ ಕಾಣಿಸಿಕೊಳ್ಳಬೇಕು, ತಲೆಯ ಮೇಲೆ ದೀಪ ಕಟ್ಟಿಕೊಂಡೇ?

ಆಂಬುಲೆನ್ಸ್ ಕಳಿಸುವ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಅವಳ ಕೆಲಸ. ಯಾರಿಗೋ ಎದೆನೋವು ಎಂದು ಫೋನ್ ಬಂದರೆ ಯಾವ ಗಾಡಿ ಹೋಗಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಮೊದಲೆಲ್ಲ ಅದು ನಕ್ಷೆಯ ಮೇಲೆ ನೇರ ಗೆರೆ ಎಳೆದು ಹತ್ತಿರದ್ದನ್ನು ಆರಿಸುತ್ತಿತ್ತು. ನದಿಯ ಆಚೆ ದಡದ ಗಾಡಿಯೂ ಅದಕ್ಕೆ ಹತ್ತಿರವೇ! ಅದು ಸೇತುವೆ ಸುತ್ತಿ ಬರುವಷ್ಟರಲ್ಲಿ ರೋಗಿಯ ಗತಿ? ಈ ತಪ್ಪು ಕಂಡುಹಿಡಿದವಳು ನನ್ನ ಸೊಸೆ. ಮೂರು ದಿನ ಡ್ರೈವರ್ ಪಕ್ಕ ಕೂತು ಊರೆಲ್ಲ ಸುತ್ತಿದಳು. ರಸ್ತೆ, ಸಿಗ್ನಲ್, ರೈಲ್ವೆ ಗೇಟು ಎಲ್ಲ ಗುರುತು ಮಾಡಿಕೊಂಡು ಬಂದು, ಎರಡು ತಿಂಗಳು ನಮ್ಮ ಊಟದ ಮೇಜನ್ನೇ ಹಿಡಿದು ಕೂತು ಸರಿಮಾಡಿದಳು. ಅಷ್ಟು ದಿನವೂ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಏಳು ಜನರ ತಂಡದಲ್ಲಿ ಹೆಂಗಸು ಇವಳೊಬ್ಬಳೇ. ಅವಳ ಸಾಹೇಬ ಬಯ್ಯುವಾಗಲೂ ನಗುತ್ತಾನೆ, ಅದಕ್ಕೇ ನಾನು ಅವನಿಗೆ ನಗೆಮುಖ ಎಂದು ಹೆಸರಿಟ್ಟಿದ್ದೇನೆ. ಇವಳು ಸೇರಿದ ಮೊದಲ ವಾರವೇ ಅವನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದ: "ನೀವು ನೀಟಾಗಿ ಬರೀತೀರಿ, ಮೀಟಿಂಗ್ ನೋಟ್ಸ್ ನಿಮಗೇ ಇರ್ಲಿ." ಅಂದಿನಿಂದ ಪ್ರತಿ ಸೋಮವಾರ ಯಾರು ಏನು ಮಾಡಿದರೆಂದು ಬರೆದು ಎಲ್ಲರಿಗೂ ಕಳಿಸುವ ಕೆಲಸ ಇವಳ ಪಾಲಿಗೆ ಬಂತು. ಗಂಡಸರು ಮಾತಾಡಿದರು, ಇವಳು ಬರೆದಳು. ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ. ಇವಳಿಗೆ ಬಾಯಿ ತೆರೆಯಲು ಪುರುಸೊತ್ತೆಲ್ಲಿ?

ಅದಾದರೂ ಹೋಗಲಿ. ಈ ಸಲ ಮುಖ್ಯ ಇಂಜಿನಿಯರ್ ಹುದ್ದೆ ಖಾಲಿಯಾಯಿತು, ಇವಳು ಅರ್ಜಿ ಹಾಕಿದಳು. ಆಯ್ಕೆ ಸಮಿತಿಯವರು ಆರು ವರ್ಷದ ನೋಟ್ಸ್ ತೆಗೆದು ನೋಡಿದರು. ಇವಳ ಹೆಸರೇ ಇಲ್ಲ! ಅರ್ಜಿ ಪಕ್ಕಕ್ಕೆ ಹೋಯಿತು. ಆಗಲೇ ನಗೆಮುಖ ಆ ಉಪದೇಶ ಮಾಡಿದ್ದು. ಬೇಕಿದ್ದರೆ ಗುರುವಾರ ಸಮಿತಿಯ ಮುಂದೆ ಬಂದು ಹೇಳಿಕೊಳ್ಳಬಹುದಂತೆ.

"ನೋಟ್ಸ್ ಬರೆದವಳು ನೀನೇ ಅಲ್ವೇನೇ? ನಿನ್ನ ಹೆಸರು ಯಾಕಿಲ್ಲ?" ಎಂದೆ.

ಸಿಂಕಿನ ಮುಂದೆ ನಿಂತವಳು ತಿರುಗಲಿಲ್ಲ. "ನನ್ನ ಹೆಸರು ನಾನೇ ಹೇಗೆ ಬರ್ಕೊಳ್ಳೋದು ಅತ್ತೆ? ಚೆನ್ನಾಗಿರಲ್ಲ ಅಂತ... ನಾನು ಮಾಡಿದ್ದಕ್ಕೆಲ್ಲ 'ತಂಡ ಮಾಡಿತು' ಅಂತ ಬರೀತಿದ್ದೆ."

"ಅವರು ಮಾಡಿದ್ದಕ್ಕೆ?"

"ಅವರವರ ಹೆಸರು."

ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದೆಂದರೆ ಇದೇ. "ಸಂಕೋಚವಂತೆ ಸಂಕೋಚ!" ಎಂದು ಬಾಯಿಗೆ ಬಂದಂತೆ ಬೈದೆ. ಬೈದ ಮೇಲೆ ನನ್ನ ಮೇಲೇ ಹೇಸಿಗೆಯಾಯಿತು. ನಾನೇನು ಕಮ್ಮಿ? ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿ ಅಧಿಕಾರಿಗಳ ಕಾಗದದ ತಪ್ಪು ತಿದ್ದಿದವಳು, ಅವರಿಗೆ ಹೊಗಳಿಕೆ ಬಂದರೆ ಬಾಗಿಲ ಹಿಂದೆ ನಿಂತು ಖುಷಿಪಟ್ಟವಳು. "ಹೆಣ್ಣಾದವಳು ತನ್ನ ಗುಣ ತಾನೇ ಹೇಳ್ಕೋಬಾರದು" ಎಂದು ಹೊಸ ಸೊಸೆಗೆ ಬುದ್ಧಿ ಹೇಳಿದ ಮಹಾತಾಯಿಯೂ ನಾನೇ. ಆ ಸಿಟ್ಟಿನಲ್ಲಿ ಅರ್ಧ ನನಗೇ ಸೇರಬೇಕಾದದ್ದು.

ಎರಡು ದಿನ ಕೂತು ಅವಳು ಹಳೆಯ ನೋಟ್ಸನ್ನೆಲ್ಲ ತೆರೆದಳು. 'ತಂಡ' ಎಂದಿದ್ದ ನೂರ ನಲವತ್ತು ಕಡೆ ಗುರುತು ಹಾಕಿ, ಕೆಲಸ ತನ್ನದೆಂದೂ ಅವತ್ತು ಮೀಟಿಂಗಿನಲ್ಲಿ ಯಾರ್ಯಾರು ಇದ್ದರೆಂದೂ ಬರೆದು ಸಮಿತಿಗೆ ಕಳಿಸಿದಳು. ಗುರುವಾರ ಅವಳು ಲ್ಯಾಪ್‌ಟಾಪ್ ಮುಂದೆ ಕೂತಾಗ "ಹೆಡ್‌ಫೋನ್ ಬೇಡ, ನನಗೂ ಕೇಳ್ಲಿ" ಎಂದು, ಕ್ಯಾಮೆರಾಕ್ಕೆ ಬೀಳದ ಮೂಲೆಯಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತೆ. ಪರದೆಯ ಮೇಲೆ ಸಮಿತಿಯ ಅಧ್ಯಕ್ಷರು, ನಗೆಮುಖ, ತಂಡದ ಉಳಿದ ಐವರು.

ನಗೆಮುಖನೇ ಶುರುಮಾಡಿದ. "ಹೀಗೆ ನಂದು ನಿಂದು ಅನ್ನೋದು ಒಳ್ಳೇದಲ್ಲ ಮೇಡಂ. ಎಲ್ಲರೂ ಸೇರಿ ಮಾಡಿದ್ದಲ್ವಾ?"

"ಸರಿ ಸರ್. ನದಿಯ ಆ ಕೆಲಸದಲ್ಲಿ ನನ್ನ ಜೊತೆ ಯಾರು ಸೇರಿದ್ರು, ಹೆಸರು ಹೇಳಿ." ಎಂದಳು ಸೊಸೆ. "ಒಬ್ಬರದು ಸಾಕು."

ಇವಳಿಂದಲೇ ಕೆಲಸ ಕಲಿತ ಭೂಪರು! ಒಬ್ಬ ನೀರು ಕುಡಿದ, ಇನ್ನೊಬ್ಬ ಕ್ಯಾಮೆರಾ ಆಫ್ ಮಾಡಿದ. ಹುರುಳಿಕಾಯಿಯ ಪಾತ್ರೆಯನ್ನೇ ಎತ್ತಿ ಪರದೆಗೆ ಅಪ್ಪಳಿಸೋಣ ಎನ್ನಿಸಿತು ನನಗೆ.

ಅಧ್ಯಕ್ಷರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದರು, "ನೀವು ಮಾಡಿದ್ರಾ?" ಐದು ಸಲ "ಇಲ್ಲ" ಎಂದು ಬಂತು. ನಗೆಮುಖನನ್ನೂ ಕೇಳಿದರು. ಅವನೂ ಗೊಣಗಿಕೊಂಡು ಇಲ್ಲವೆಂದ. ಇವಳು ಕಳಿಸಿದ ಪಟ್ಟಿಯಲ್ಲಿದ್ದ ಇನ್ನೂ ಹತ್ತು ಕೆಲಸ ಕೇಳಿದರು. ಬಂದದ್ದು ಅದೇ ಉತ್ತರ.

"ಹಾಗಾದ್ರೆ ಇನ್ನೇನು ಉಳೀತು? ಹುದ್ದೆ ಇವರಿಗೇ," ಎಂದರು ಅಧ್ಯಕ್ಷರು. "ದಾಖಲೆಗೆ ಬರ್ಕೊಳ್ಳಿ."

ಎಲ್ಲರೂ ಇವಳು ಬರೆಯಲೆಂದು ಕಾಯುತ್ತಿದ್ದರು.

"ಮೇಡಂ, ನೋಟ್ಸ್..." ಎಂದ ನಗೆಮುಖ.

"ಇವತ್ತು ನೀವು ಬರೀರಿ ಸರ್."

ಅವನು ಕೀಬೋರ್ಡ್ ಹತ್ತಿರ ಎಳೆದುಕೊಂಡ. ಎರಡಕ್ಷರ ಒತ್ತಿದ, ನಿಲ್ಲಿಸಿದ. ಮುಖದ ಮೇಲೆ ಆ ನಗು ಹಾಗೇ ಇತ್ತು.

"ಮೇಡಂ," ಎಂದ, "ನಿಮ್ಮ ಪೂರ್ತಿ ಹೆಸರೇನು?"