ಒಳಗಿನಿಂದ ಬಡಿದ ಬಾಗಿಲು

ನಿನ್ನೆ ಸಂಜೆ ಮುದ್ದೇಬಿಹಾಳದ ನಮ್ಮ ಕಾಲೇಜಿನ ನಾಟಕದ ತಾಲೀಮಿನಲ್ಲಿ, ಅಪ್ಪನ ಪಾತ್ರದ ವಿದ್ಯಾರ್ಥಿ ಮಗಳ ಪಾತ್ರದವಳನ್ನು ಒಳಗೆ ನೂಕಿ ಬಾಗಿಲ ಚಿಲಕವನ್ನು ಖಟ್ ಎಂದು ಹಾಕಿದ. ನನ್ನ ಅಂಗೈ ಬೆವೆತುಬಿಟ್ಟಿತು. ನಾಟಕ ಕಲಿಸುವ ಐವತ್ತರ ಹೆಂಗಸು ಚಿಲಕಕ್ಕೆ ಹೆದರುತ್ತಾಳೆ ಎಂದರೆ ನೀವು ನಗಬಹುದು. ನಗಿ, ಆದರೆ ಇಷ್ಟು ಕೇಳಿಸಿಕೊಂಡು ನಗಿ.

ಇಪ್ಪತ್ತೆರಡರ ವಯಸ್ಸಿನಲ್ಲಿ ಇದೇ ಊರಿನ ಒಂದು ನಾಟಕ ತಂಡದಲ್ಲಿದ್ದೆ. ನಮ್ಮ ಮಾಸ್ತರರಿಗೆ ಮೊದಲೇ ಬರೆದಿಟ್ಟ ನಾಟಕವೆಂದರೆ ಆಗುತ್ತಿರಲಿಲ್ಲ. ಸಂದರ್ಭವೊಂದನ್ನು ಹೇಳಿ, ಮಾತು ನಮ್ಮ ಬಾಯಲ್ಲೇ ಹುಟ್ಟಲಿ ಎಂದು ಕಾಯುತ್ತಿದ್ದರು. ಅದಕ್ಕೆ ಇಂಪ್ರೊವೈಸೇಶನ್ ಎಂದು ಹೆಸರು. ನಮ್ಮ ನಾಲಿಗೆಗೆ ಅದು ದಕ್ಕದೆ ‘ಬಾಯಿಗೆ ಬಂದಂಗ’ ಎನ್ನುತ್ತಿದ್ದೆವು. ಚಲೋ ಮಾತು ಬಂದರೆ ಅವರು ವಹಿಯಲ್ಲಿ ಬರೆದುಕೊಳ್ಳುವರು. ಬರೆದರೆ ತೀರಿತು, ಆಡಿದವರೇ ಬೇಡವೆಂದರೂ ಅಳಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನಗೆ ಹೇಳಿದರು, “ತಂಗಿ, ನಿಮ್ಮಪ್ಪ ನಿನ್ನ ಒಳಗ ನೂಕಿ ಚಿಲಕ ಹಾಕ್ಯಾನ. ಬಾಗಲಾ ತಗಸ್ಕೊ.”

ಬಾಗಿಲು ಬಡಿದೆ. ಬಾಯಿಂದ ಬಂದದ್ದು ನಟನೆಯಲ್ಲ: “ಯಪ್ಪಾ, ಬಾಗಲಾ ತಗಿ! ಇನ್ನೊಮ್ಮಿ ನಿನ್ನಂಗ ಕುಂಟಂಗಿಲ್ಲ!”

ನಮ್ಮಪ್ಪನ ಒಂದು ಕಾಲು ಗಿಡ್ಡ. ಮನಗೂಳಿಯ ಮನೆಗೆ ಬೀಗರು ಬಂದಿದ್ದಾಗ, ಎಂಟು ವರ್ಷದ ನಾನು ಅಪ್ಪನ ಧೋತರ ಸುತ್ತಿಕೊಂಡು, ಅಪ್ಪನಂತೆಯೇ ಕುಂಟಿ ಎಲ್ಲರನ್ನೂ ನಗಿಸಿದ್ದೆ. ನನ್ನ ಮೊದಲ ಪ್ರಯೋಗ, ಪ್ರೇಕ್ಷಕರೂ ಭರ್ತಿ. ಬೀಗರು ಎದ್ದು ಹೋದದ್ದೇ ತಡ, ಅಪ್ಪ ನನ್ನನ್ನು ಜೋಳದ ಚೀಲಗಳ ಖೋಲಿಗೆ ನೂಕಿ ಚಿಲಕ ಹಾಕಿದರು. ಕತ್ತಲು, ಇಲಿಗಳ ಸರಬರ. ನನ್ನ ಅಳುವಿನಲ್ಲಿ ಅವರು ಹೋದ ಹೆಜ್ಜೆಯ ಸದ್ದೂ ಕೇಳಿಸಲಿಲ್ಲ.

ಮಾಸ್ತರರ ಪೆನ್ನು ಓಡುತ್ತಿತ್ತು. “ಅದೊಂದ ಮಾತ ಬಿಡ್ರಿ, ನಮ್ಮಪ್ಪ ನೋಡಾಕ ಬರ್ತಾನ್ರಿ,” ಎಂದು ಬೇಡಿಕೊಂಡೆ.

“ಅದರ ಮ್ಯಾಲೇ ನಾಟಕ ನಿಂತೈತಿ,” ಎಂದರು.

ಪ್ರಯೋಗದ ದಿನ ಅಪ್ಪ ಮೊದಲ ಸಾಲಿನಲ್ಲೇ ಕೋಲು ಹಿಡಿದು ಕೂತಿದ್ದರು. ಅದೇ ಕಾಲಿಗಾಗಿ ನಾಲ್ಕು ಜನರ ಮುಂದೆ ಅವರಿಗೆ ಎರಡನೆಯ ಸಲ ಅವಮಾನ ಮಾಡಲಿದ್ದೆ. ಆ ಮಾತನ್ನು ನುಂಗಿಬಿಡಬೇಕೆಂದುಕೊಂಡೆ. ಆದರೆ ಬಾಗಿಲ ಹಿಂದೆ ನಿಂತಾಗ ಎಂಟು ವರ್ಷದವಳೇ ಬಡಿದಳು, ಅವಳೇ ಕೂಗಿದಳು. ಯಾರೂ ನಗಲಿಲ್ಲ.

ಅಪ್ಪನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಬೈಗುಳಕ್ಕೆ ಕಾದೆ. ಬಸ್ಸು ಬಂದಾಗ ಹೇಳಿದರು, “ನಿಮ್ಮ ನಾಟಕದಾಗ ಅಪ್ಪ ಚಿಲಕ ಹಾಕಿ ಹೊಂಟ ಹೋದ. ನಾ ಹೋಗಿರ್ಲಿಲ್ಲ ಯವ್ವಾ. ಬಾಗಲಕ್ಕ ಬೆನ್ನ ಹಚ್ಚಿ ಅಲ್ಲೇ ಕುಂತಿದ್ನಿ.”

ಮತ್ತೆ ಯಾಕೆ ತೆಗೆಯಲಿಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಈಗ ಕೇಳಲು ಅಪ್ಪನೇ ಇಲ್ಲ.

ನಿನ್ನೆ ಚಿಲಕ ಹಾಕಿದವನು ತಿರುಗಿ ಹೊರಟಿದ್ದ. “ಹೋಗಬ್ಯಾಡೋ,” ಎಂದೆ. “ಬಾಗಲಕ್ಕ ಬೆನ್ನ ಹಚ್ಚಿ ಕೂಡು.”

ಕೂತ. ಒಳಗೆ ಮಗಳ ಪಾತ್ರದವಳು ಬಡಿಯುತ್ತಲೇ ಇದ್ದಳು. “ಏನ ಅನ್ಲಿರಿ ಅಕ್ಕೋರ?” ಎಂದು ನನ್ನ ಮುಖ ನೋಡಿದ.

“ನನಗೂ ಗೊತ್ತಿಲ್ಲಪಾ. ಬಾಯಿಗೆ ಬಂದಂಗ ಅನ್ನು.”

ಉತ್ತರ ಬಂದೀತೆಂದು ಹೆದರಿಕೆ, ಬಾರದೇ ಹೋದೀತೆಂದೂ ಹೆದರಿಕೆ. ಅವನು ಬಾಗಿಲಿಗೆ ತಲೆ ಆನಿಸಿದ. ಆಮೇಲೆ ಮೆಲ್ಲಗೆ ಅಂದ, “ತಗದ್ರ ನಿನಗ ಮಾರಿ ಹೆಂಗ ತೋರಸಲಿ, ಯವ್ವಾ?”

ವಹಿ ನನ್ನ ತೊಡೆಯ ಮೇಲಿತ್ತು. ಬರೆದುಕೊಳ್ಳಲಿಲ್ಲ. ಎದ್ದು ಹೋಗಿ ಚಿಲಕ ನಾನೇ ತೆಗೆದೆ.