ಇಳಿಸುವ ಮದ್ದು

ಆಗಿನ್ನೂ ಮಹಾರಾಜರ ಕಾಲ. ಆರು ತಿಂಗಳ ಬಸುರಿಯಾಗಿದ್ದಾಗ ನನಗೆ ಚಳಿಜ್ವರ ಹಿಡಿಯಿತು. ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ. ಯಜಮಾನರೂ ಅತ್ತೆಯೂ ತಾವರೆಕೆರೆಯಿಂದ ಗಾಡಿ ಕಟ್ಟಿಕೊಂಡು ನನ್ನನ್ನು ಶಿರಾದ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದರು. ಡಾಕ್ಟರು ನನ್ನ ನಾಡಿ ಹಿಡಿದುಕೊಂಡು, ಯಜಮಾನರ ಕಡೆ ತಿರುಗಿ, "ಮೊದಲು ಇಳಿಸಬೇಕು" ಎಂದರು.

ಅಷ್ಟೇ ಸಾಕಾಯಿತು ಅತ್ತೆಗೆ. ನಮ್ಮ ಕಡೆ ಬಸುರಿಯ ಮುಂದೆ 'ಇಳಿಸುವುದು' ಎಂದರೆ ಒಂದೇ ಅರ್ಥ, ಹೊಟ್ಟೆಯಲ್ಲಿರುವುದನ್ನು ತೆಗೆಸುವುದು.

"ಇಳ್ಸೋಕೆ ಬಂದಿಲ್ಲ ಕಣಪ್ಪ ನಾವು! ಲೇ, ಗಾಡಿ ಕಟ್ಲಾ!" ಎಂದು ಮಗನ ತೋಳು ಹಿಡಿದೆಳೆದರು.

"ಅಯ್ಯೋ, ಜ್ವರ ಇಳಿಸೋದು ಕಣಮ್ಮ!" ಎಂದು ಡಾಕ್ಟರು ಹಣೆ ಚಚ್ಚಿಕೊಂಡು, ಕ್ವಿನೈನ್ ಔಷಧಿಯ ಸೀಸೆ ತೆಗೆದು ತೋರಿಸಿದರು.

ಅತ್ತೆ ನಂಬಲಿಲ್ಲ. ನಾನೂ ನಂಬಲಿಲ್ಲ, ಸುಳ್ಳೇಕೆ ಹೇಳಲಿ. ಕ್ವಿನೈನ್ ಕುಡಿದರೆ ಬಸುರು ಇಳಿದುಹೋಗುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

"ಇದ್ರಿಂದ ಮಗೀಗೆ ಏನಾಯ್ತದೆ?" ಎಂದು ನಾನೇ ಬಾಯಿಬಿಟ್ಟು ಕೇಳಿದೆ. ಡಾಕ್ಟರ ಉತ್ತರ ಹೋದದ್ದು ಯಜಮಾನರಿಗೆ.

"ಏನೂ ಆಗಲ್ಲ ಅಂತ ಹೇಳಿ. ಔಷಧಿ ಕೊಡದಿದ್ದರೆ ಇಬ್ಬರೂ ಉಳಿಯೋಲ್ಲ."

ಹೊಟ್ಟೆ ನನ್ನದು, ಮಾತು ಅವರಿಬ್ಬರದು! ಮೈಯೆಲ್ಲ ಉರಿದುಹೋಯಿತು. ಆದರೂ ಮಗು ಉಳಿಯಲಿ ಎಂದು ಕಣ್ಣುಮುಚ್ಚಿ ಆ ಕಹಿ ನೀರನ್ನು ಕುಡಿದೆ.

ಜ್ವರ ಬಿಟ್ಟಿತು. ಮಗು ಒದೆಯುತ್ತಲೇ ಇತ್ತು. ಅತ್ತೆಗೆ ಸಮಾಧಾನವಾಯಿತು. ನನಗೆ ಮಾತ್ರ ಕಿವಿಯಲ್ಲಿ ಗುಂಯ್ಯೆನ್ನುವ ಸದ್ದು. ಪಕ್ಕದಲ್ಲಿ ನಿಂತು ಮಾತಾಡಿದರೂ ಬಾವಿಯೊಳಗಿಂದ ಕೂಗಿದಂತೆ. ಮತ್ತೆ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿದೆ.

"ಕ್ವಿನೈನಿಗೆ ಹಾಗಾಗುತ್ತೆ. ತಾನಾಗೇ ಹೋಗುತ್ತೆ" ಎಂದರು.

"ಒಳಗಿರೋದಕ್ಕೂ ಕಿವಿ ಐತಲ್ಲ ಸ್ವಾಮಿ? ಮೊದ್ಲೇ ಯಾಕೆ ಹೇಳ್ನಿಲ್ಲ?"

"ಹೇಳಿದ್ದರೆ ಕುಡೀತಿದ್ರಾ?"

ಕುಡಿಯುತ್ತಿದ್ದೆನೋ ಬಿಡುತ್ತಿದ್ದೆನೋ, ಅದು ನನಗೆ ಬಿಟ್ಟದ್ದು. ಈಗಲೂ ಆ ಮಾತು ನೆನೆದರೆ ಸಿಟ್ಟು ನೆತ್ತಿಗೇರುತ್ತದೆ. ಅಂದಿನಿಂದ ಹೆರುವವರೆಗೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಳಗಿನದಕ್ಕೆ ಏನು ಮಾಡಿಬಿಟ್ಟರೋ ಎಂದು ಒದ್ದಾಡಿದೆ.

ನನ್ನ ಕಿವಿ ಸರಿಹೋಯಿತು. ಗಂಡುಮಗು ಹುಟ್ಟಿತು, ಗುಂಡುಗುಂಡಗೆ. ಅದು ಕೂರಲು ಕಲಿಯುವ ಹೊತ್ತಿಗೆ, ನಮ್ಮೂರಿಗೆ ಬಂದಿದ್ದ ಅದೇ ಡಾಕ್ಟರು ಮನೆಗೂ ಬಂದರು. ಮಗುವನ್ನು ಕಂಡು ಅವರ ಮುಖ ಅರಳಿತು.

"ನೋಡಿದ್ರಾ? ಏನೂ ಆಗಲ್ಲ ಅಂದಿರಲಿಲ್ವಾ?"

ನಾನು ಮಗುವಿನ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಅಡುಗೆಮನೆಯಲ್ಲಿದ್ದ ಅತ್ತೆ, "ಏನಾಯ್ತೇ?" ಎಂದು ಬೆಚ್ಚಿ ಓಡಿಬಂದರು. ಮಗು ಮಾತ್ರ ತಿರುಗದೆ ಡಾಕ್ಟರ ಕನ್ನಡಕವನ್ನೇ ನೋಡುತ್ತ ನಗುತ್ತಿತ್ತು.