ಮೇಜಿನ ಮೇಲಿನ ರೈಲಿಗೆ ಅಪ್ಪ ಹಾಕಿದ ಮರಳು

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಪುಟ್ಟ ಮಾದರಿ ರೈಲಿನ ಎಂಜಿನ್ ಮೇಜಿನ ಮೇಲಿನ ಏರು ಹತ್ತಲಾರದೆ ನಿಂತಲ್ಲೇ ಚಕ್ರ ತಿರುಗಿಸುತ್ತಿತ್ತು. ಹಳಿ ಒರೆಸಲು ಸ್ಪಿರಿಟ್ ತರೋಣವೆಂದು ಒಳಗೆ ಹೋದೆ. ವಾಪಸು ಬರುವಷ್ಟರಲ್ಲಿ, ಜನ್ನಾಪುರದಿಂದ ಬಂದಿದ್ದ ಅಪ್ಪ ಹೂಕುಂಡದ ಮರಳನ್ನು ಹಳಿಯ ಮೇಲೆ ಉದುರಿಸುತ್ತಿದ್ದರು. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಿಜವಾದ ರೈಲು ಎಂಜಿನ್ ಓಡಿಸಿ ನಿವೃತ್ತರಾದವರು.

“ಅಪ್ಪ, ಏನ್ ಮಾಡ್ತಿದ್ದೀರಿ?”

“ಚಕ್ರ ಜಾರಿದ್ರೆ ಮರಳು ಹಾಕ್ಬೇಕು ಮಾರಾಯ್ತಿ. ನಾವು ಮಳೆಗಾಲದಲ್ಲೆಲ್ಲ ಹಂಗೇ ಓಡಿಸ್ತಿದ್ದಿದ್ದು.”

“ಇದರ ಗೇರಿಗೆ ಒಂದು ಕಣ ಸಿಕ್ಕಿಕೊಂಡ್ರೂ ಮುಗೀತು.”

ನಾನು ಹೇಳಿ ಮುಗಿಸುವ ಮೊದಲೇ ಎಂಜಿನ್ ಕರಕರ ಎಂದು ನಿಂತುಬಿಟ್ಟಿತು. ಈ ಮಾದರಿ ಈಗ ಎಲ್ಲೂ ಸಿಗುವುದಿಲ್ಲ. ನನಗೆ ಅಳುವೇ ಬಂತು. ಅಪ್ಪ ಕೈಯಲ್ಲಿದ್ದ ಮರಳನ್ನು ಕುಂಡಕ್ಕೆ ಸುರಿದರು.

ಎಂಜಿನ್ ಬಿಚ್ಚಿ ನೋಡಿದರೆ ಗೇರಿನ ಹಲ್ಲುಗಳ ನಡುವೆ ಮರಳಿನ ಕಣವೊಂದು ಕೂತಿತ್ತು. ಚಿಮಟದಿಂದ ತೆಗೆದೆ. ಹಲ್ಲು ಮುರಿದಿರಲಿಲ್ಲ. ಜಾರುತ್ತಿದ್ದ ಕಾರಣವೂ ಆಗಲೇ ಕಂಡಿತು. ಹಿಡಿತಕ್ಕೆಂದು ಹಿಂದಿನ ಚಕ್ರಕ್ಕೆ ಹಾಕುವ ತೆಳು ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿತ್ತು. ಅಪ್ಪ ಚಕ್ರ ಹಿಡಿದುಕೊಂಡರು, ನಾನು ಹೊಸ ಬಳೆ ತೊಡಿಸಿದೆ. ಹಳಿಯ ಮರಳನ್ನೆಲ್ಲ ಗುಡಿಸಿ, ಸ್ಪಿರಿಟ್‌ನಿಂದ ಒರೆಸಿ, ರಿಮೋಟನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಗುಂಡಿ ಒತ್ತಿದಾಗ ಎಂಜಿನ್ ಡಬ್ಬಿಗಳನ್ನೆಲ್ಲ ಎಳೆದುಕೊಂಡು ಸಲೀಸಾಗಿ ಏರು ಹತ್ತಿತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

“ಚಕ್ರಕ್ಕೆ ರಬ್ಬರ್ ಹಾಕ್ಕೊಂಡು ಓಡೋದು ಬಸ್ಸು,” ಎಂದರು ಅಪ್ಪ. “ಇದು ರೈಲೇ ಅಲ್ಲ.”

ಹಾಗೆ ಹೇಳಿದವರು ಆ ಬಸ್ಸು ಓಡಿಸುವ ರಿಮೋಟನ್ನು ಇಷ್ಟು ಹೊತ್ತಾದರೂ ನನಗೆ ವಾಪಸು ಕೊಟ್ಟಿಲ್ಲ.